ಮರಿಬೆಕ್ಕಿನ ಏದುಸಿರು: ತಡವಾಗಿ ಕಲಿತ ಪಾಠಗಳು

ಪುತ್ತೂರು, ಸುಳ್ಯ, ಕಡಬದ ಕಡೆಯ ಅಡಿಕೆ ಕೃಷಿಕರ ಮನೆಗಳಲ್ಲಿ ಬೆಕ್ಕನ್ನು ಯಾರೂ ಸಾಕುವುದಿಲ್ಲ, ಅದು ಇರುತ್ತದೆ ಅಷ್ಟೆ. ಅಟ್ಟದಲ್ಲಿ ಅಡಿಕೆ ಗೋಣಿ, ಕೊಟ್ಟಿಗೆಯಲ್ಲಿ ಹಿಂಡಿ, ಅವುಗಳ ಹಿಂದೆ ಇಲಿ, ಇಲಿಯ ಹಿಂದೆ ಪುಚ್ಚೆ. ನಮ್ಮಲ್ಲೂ ಹಾಗೆಯೇ ಶುರುವಾದದ್ದು. ಆಮೇಲೆ ನೆರೆಕರೆಯವರು ತಾಯಿಯಿಲ್ಲದ ಮರಿಗಳನ್ನು ಅಡಿಕೆ ಹಾಳೆಯಲ್ಲಿ ಹಾಕಿಕೊಂಡು ಬಂದು ಜಗಲಿಯಲ್ಲಿ ಬಿಟ್ಟುಹೋಗುವುದು ರೂಢಿಯಾಯಿತು. “ನಿಮಗೆ ಗೊತ್ತುಂಟಲ್ಲ ಅಕ್ಕಾ” ಎನ್ನುತ್ತಾರೆ. ಗೊತ್ತಿದ್ದದ್ದು ಬಹಳ ಕಡಿಮೆ. ಆಡುತ್ತಾ ಆಡುತ್ತಾ ಬಾಯಿ ತೆರೆದು ಏದುಸಿರು ಬಿಡುವ ಮರಿಯ ವಿಷಯದಲ್ಲಂತೂ ಹೆದರಬೇಕಿಲ್ಲದಾಗ ಊರೆಲ್ಲ ಎಬ್ಬಿಸಿದ್ದೇನೆ, ಹೆದರಬೇಕಾದಾಗ ಅಡುಗೆಮನೆಯಲ್ಲಿ ಸಾರು ಕುದಿಸುತ್ತಾ ನಿಂತಿದ್ದೇನೆ.

1. ಬಾಯಿ ತೆರೆದ ಕೂಡಲೇ ನೀರು ಹೊಯ್ಯಬಾರದು.

ಹಗ್ಗಕ್ಕೆ ಹಾಳೆಯ ಚೂರು ಕಟ್ಟಿ ಮಕ್ಕಳು ಚಾವಡಿ ತುಂಬ ಓಡಿಸುತ್ತಿದ್ದರು. ಮರಿ ಒಮ್ಮೆಲೇ ಕೂತು ನಾಯಿಯ ಹಾಗೆ ನಾಲಿಗೆ ಹೊರಹಾಕಿತು, ಪಕ್ಕೆ ಏರಿಳಿಯತೊಡಗಿತು. ಬೆಕ್ಕು ಹೀಗೆ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಡಿದು, ಅಂಗಾತ ಮಲಗಿಸಿ, ಒಳಲೆಯಲ್ಲಿ ನೀರು ಹೊಯ್ದೆ. ಬೆಕ್ಕು ಅಂಗಾತ ಬಿದ್ದಾಗ ಉಸಿರಾಡಲು ಇನ್ನೂ ಕಷ್ಟಪಡುತ್ತದೆ ಎಂಬುದು ತಿಳಿದಿರಲಿಲ್ಲ. ನೀರು ಶ್ವಾಸನಾಳಕ್ಕೆ ಹೋಯಿತು. ಓಡಿದ ದಣಿವು ತನ್ನಷ್ಟಕ್ಕೆ ಇಳಿಯುತ್ತಿತ್ತು. ನಾನು ತಂದಿಟ್ಟ ಕೆಮ್ಮು ಇಳಿಯಲು ಮದ್ದು ಬೇಕಾಯಿತು. ಬೆಕ್ಕು ಸಹಜವಾಗಿ ಮೂಗಿನಲ್ಲೇ ಉಸಿರಾಡುವ ಪ್ರಾಣಿ. ಬಾಯಿಯ ಉಸಿರು ಅದಕ್ಕೆ ಕೊನೆಯ ಉಪಾಯ. ಆದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಮರಿಗಳು ಆಟದ ಭರದಲ್ಲಿ ಆ ಉಪಾಯವನ್ನು ಒಮ್ಮೊಮ್ಮೆ ಬಳಸುತ್ತವೆ. ಈಗ ನಾನು ಹಗ್ಗ ಅಡಗಿಸುತ್ತೇನೆ, ಮಕ್ಕಳನ್ನು ಆಚೆ ಕಳಿಸುತ್ತೇನೆ, ನೀರಿನ ಬಟ್ಟಲು ಹತ್ತಿರ ಇಟ್ಟು ಸುಮ್ಮನೆ ದೂರ ಕೂರುತ್ತೇನೆ. ಸುಮ್ಮನೆ ಕೂರುವುದೇ ಕಷ್ಟ.

2. ಏದುಸಿರು ಬಂತೋ ಇಲ್ಲವೋ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ನಿಂತಿತು ಎಂಬುದು ಮುಖ್ಯ.

ಒಂದೇ ಹೆರಿಗೆಯ ಎರಡು ಮರಿ ಇದ್ದವು. ಒಂದು ಓಡಿ, ಏದುಸಿರು ಬಿಟ್ಟು, ನಿಮಿಷದೊಳಗೆ ಬಾಯಿ ಮುಚ್ಚಿ ಮತ್ತೆ ಪರದೆ ಹತ್ತುತ್ತಿತ್ತು. ಇನ್ನೊಂದು ನಾಲ್ಕು ಹಾರು ಹಾರಿದರೆ ಸಾಕು, ಹೊಟ್ಟೆ ನೆಲಕ್ಕೊತ್ತಿ, ಮೊಣಕೈ ಹೊರಚಾಚಿ, ಕತ್ತು ಮುಂದೆ ನೀಡಿ ಕೂತುಬಿಡುತ್ತಿತ್ತು. ನಾವದನ್ನು ಸಾಧು ಎಂದು ಹೊಗಳಿದೆವು. ಪರದೆ ಹರಿಯದ ಮರಿ ಯಾರಿಗೆ ಬೇಡ? ಚುಚ್ಚುಮದ್ದಿಗೆ ಕೊಂಡುಹೋದಾಗ ಡಾಕ್ಟ್ರು ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಎದೆಯಲ್ಲಿ ಶಬ್ದ ಉಂಟು, ಹುಟ್ಟುವಾಗಲೇ ಬಂದದ್ದಿರಬೇಕು” ಎಂದರು. ಚಿಕ್ಕ ಮರಿಗಳಲ್ಲಿ ಇಂಥ ಶಬ್ದ ಕೆಲವೊಮ್ಮೆ ದೋಷವಿಲ್ಲದೆಯೂ ಇರುತ್ತದೆ, ಬೆಳೆದಂತೆ ಮಾಯವಾಗುತ್ತದೆ. ಕೆಲವೊಮ್ಮೆ ಹೃದಯದ ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿರುತ್ತದೆ, ಕವಾಟ ಸರಿ ಇರುವುದಿಲ್ಲ. ಯಾವುದೆಂದು ಹೇಳಲು ಎಕೋ ಸ್ಕ್ಯಾನ್ ಬೇಕು. ಮಂಗಳೂರಿಗೆ ಹೋಗಿ ಬನ್ನಿ ಎಂದರು.

ನಾನು ಹೋಗಲಿಲ್ಲ. ಕೊಯ್ಲಿನ ಹೊತ್ತು, ಆಳುಗಳಿಗೆ ಅಡುಗೆ, ಅಂಗಳದ ತುಂಬ ಅಡಿಕೆ. ಈ ಕೊಯ್ಲು ಮುಗಿಯಲಿ ಎಂದೆ. ಮರಿ ಉಣ್ಣುತ್ತಿತ್ತು, ಮಡಿಲಿಗೆ ಬರುತ್ತಿತ್ತು, ಕಾಯಿಲೆಯೆಂದು ಅನಿಸುತ್ತಲೇ ಇರಲಿಲ್ಲ. ಬೆಕ್ಕು ನೋವನ್ನು ಅಡಗಿಸುವುದರಲ್ಲಿ ಜಾಣ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಅಡಗಿಸಿರಲೇ ಇಲ್ಲ, ದಿನಾ ಕಣ್ಣೆದುರೇ ಕೂತು ತೋರಿಸಿತ್ತು. ಕೊಯ್ಲು ಮುಗಿಯುವ ಮೊದಲೇ ಅದು ಹೋಯಿತು. ಸ್ಕ್ಯಾನ್ ಮಾಡಿಸಿದ್ದರೆ ಉಳಿಯುತ್ತಿತ್ತೆಂದು ಡಾಕ್ಟ್ರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲಿಂದ ಗಡಿಯಾರ ನೋಡುತ್ತೇನೆ. ಒಂದೆರಡು ನಿಮಿಷದಲ್ಲಿ ಬಾಯಿ ಮುಚ್ಚಿದರೆ ನನ್ನ ಕೆಲಸಕ್ಕೆ ಹೋಗುತ್ತೇನೆ. ಐದು ನಿಮಿಷ ದಾಟಿದರೆ, ಪ್ರತಿ ಆಟಕ್ಕೂ ಬಂದರೆ, ದಿನದಿಂದ ದಿನಕ್ಕೆ ಕಡಿಮೆ ಓಟಕ್ಕೇ ಬಂದರೆ ಡಾಕ್ಟ್ರಿಗೆ ತೋರಿಸದೆ ಬಿಡುವುದಿಲ್ಲ. ಆಟವೇ ಇಲ್ಲದೆ ಬಾಯಿಯಲ್ಲಿ ಉಸಿರಾಡಿದರೆ ಗಡಿಯಾರವನ್ನೂ ನೋಡುವುದಿಲ್ಲ, ಹೊರಡುತ್ತೇನೆ. ಪ್ರಾಯ ಬಂದ ಬೆಕ್ಕು ಏದುಸಿರು ಬಿಟ್ಟರೂ ಹಾಗೆಯೇ. ಮರಿಗಿರುವ ರಿಯಾಯಿತಿ ಅದಕ್ಕಿಲ್ಲ.

3. ನಿದ್ದೆಯ ಉಸಿರನ್ನು ಮೊದಲೇ ಎಣಿಸಿಟ್ಟುಕೊಳ್ಳಿ.

ಈ ಉಪಾಯ ಹೇಳಿಕೊಟ್ಟವರು ಅದೇ ಡಾಕ್ಟ್ರು. ಮರಿ ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿ ಇಳಿದರೆ ಒಂದು ಉಸಿರು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ಸಾಮಾನ್ಯವಾಗಿ ನಿಮಿಷಕ್ಕೆ 30ರ ಒಳಗೆ ಇರುತ್ತದೆ, ತೀರಾ ಚಿಕ್ಕ ಮರಿಗಳಲ್ಲಿ ತುಸು ಹೆಚ್ಚು. ಮತ್ತೆ ಮತ್ತೆ ಎಣಿಸಿದರೂ 40 ದಾಟುತ್ತಿದ್ದರೆ ಅದು ಆಟದ ದಣಿವಲ್ಲ. ನಾನು ಮೊದಮೊದಲು ಮರಿ ಗುರುಗುಟ್ಟುವಾಗಲೂ, ಕನಸಿನಲ್ಲಿ ಕಾಲು ಅದುರಿಸುವಾಗಲೂ ಎಣಿಸಿ, ಅರುವತ್ತು ಬಂತೆಂದು ರಾತ್ರಿ ಹೊತ್ತು ಅವರಿಗೆ ಫೋನು ಮಾಡಿದ್ದೇನೆ. ಅವರು ಬೈಯಲಿಲ್ಲ. “ಅದು ಎಂತ ಮಾಡ್ತಾ ಉಂಟು ಈಗ?” ಎಂದು ಕೇಳಿದರು. “ಗುರ್ ಗುರ್ ಅಂತ ಉಂಟು” ಎಂದೆ. “ಹಾಗಾದ್ರೆ ನೀವು ಮಲಗಿ ಮಾರಾಯ್ತಿ.”

4. ನಮ್ಮ ಬೇಸಿಗೆಯಲ್ಲಿ ಅರ್ಧ ಆಟವೂ ಪೂರ್ತಿ ದಣಿವು.

ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಇಲ್ಲಿ ಬಿಸಿಲಿನ ಜೊತೆ ಬೆವರೂ ಆರದ ಸೆಕೆ. ಏದುಸಿರು ಬಿಟ್ಟಾಗ ಬಾಯಿಯ ತೇವ ಆರಿ ಮೈ ತಂಪಾಗಬೇಕು; ಗಾಳಿಯಲ್ಲೇ ತೇವ ತುಂಬಿದ್ದರೆ ಆರುವುದು ಹೇಗೆ? ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡು ನಮ್ಮಲ್ಲುಂಟು. ಅಡಿಕೆ ಮಗುಚಿ ಬಂದವಳು ಬಾಗಿಲು ಹಾಕಿದೆ, ಒಳಗೆ ಮರಿ ಇದ್ದದ್ದು ಕಾಣಲಿಲ್ಲ. ಸಿಕ್ಕಿದಾಗ ಅದು ಜೊಲ್ಲು ಸುರಿಸುತ್ತಾ, ಕಾಲು ಸೋತು ತೂರಾಡುತ್ತಿತ್ತು. ಫ್ರಿಜ್ಜಿನ ನೀರು ಸುರಿಯಲು ಹೊರಟ ನನ್ನನ್ನು ಮಗಳು ತಡೆದಳು. ಐಸ್ ನೀರು ಚರ್ಮದ ರಕ್ತನಾಳಗಳನ್ನು ಬಿಗಿಸಿ ಒಳಗಿನ ಬಿಸಿಯನ್ನು ಒಳಗೇ ಹಿಡಿಯುತ್ತದೆ. ಬಾವಿಯ ನೀರಿನಲ್ಲಿ ಮೈ, ಪಾದ ಒದ್ದೆ ಮಾಡಿ, ಫ್ಯಾನ್ ಹಾಕಿ, ಹಾಗೆಯೇ ಕಾರಿನಲ್ಲಿಟ್ಟು ಓಡಿದೆವು. ಬೆಕ್ಕಿನ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. 40 ದಾಟಿದರೆ ಅಪಾಯ. ಆ ಮರಿ ಉಳಿಯಿತು, ಗೂಡಿನ ಹತ್ತಿರ ಈಗಲೂ ಸುಳಿಯುವುದಿಲ್ಲ. ನಾನು ಬಾಗಿಲು ಹಾಕುವ ಮೊದಲು ಮೂಲೆ ಮೂಲೆ ಬಗ್ಗಿ ನೋಡುತ್ತೇನೆ.

ಈಗ ಪೇಟೆಯಿಂದ ಪರ್ಷಿಯನ್ ಮರಿ ತರುವವರು ಹೆಚ್ಚಾಗಿದ್ದಾರೆ. ಚಪ್ಪಟೆ ಮೂಗು, ಕಂಬಳಿಯಂಥ ರೋಮ. ನಮ್ಮ ಸೆಕೆಗೆ ಇದನ್ನು ತರುವುದು ನನಗೆ ಸರಿ ಕಾಣುವುದಿಲ್ಲ. ತಂದಾಯಿತೆಂದಾದರೆ ಆಟ ಬೆಳಗ್ಗೆ, ಇಳಿಹೊತ್ತಿನಲ್ಲಿ ಮಾತ್ರ ಇರಲಿ.

5. ಒಸಡು ನೋಡಲು ಕಲಿಯಿರಿ, ಚಿಗಟವನ್ನು ಹಗುರ ಮಾಡಬೇಡಿ.

ಕೊಟ್ಟಿಗೆಯಲ್ಲಿ ಹುಟ್ಟಿದ ಮರಿಗೆ ಚಿಗಟ ಇದ್ದೇ ಇರುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ನಾನೂ ನಂಬಿದ್ದೆ. ಅರ್ಧ ಕಿಲೋ ತೂಗುವ ಮರಿಯ ಮೈಯಲ್ಲಿರುವ ರಕ್ತ ಸುಮಾರು 30 ಮಿಲಿಲೀಟರ್, ಸಣ್ಣ ಲೋಟದ ಅಡಿಯಲ್ಲಿ ನಿಲ್ಲುವಷ್ಟು. ಹೊರಗಿನಿಂದ ಚಿಗಟ, ಒಳಗಿನಿಂದ ಕೊಕ್ಕೆಹುಳ ಅದನ್ನೇ ಹೀರುತ್ತಿದ್ದರೆ ಉಸಿರು ಎಷ್ಟು ಎಳೆದರೂ ಗಾಳಿಯನ್ನು ಹೊರಲು ರಕ್ತವಿಲ್ಲ. ಹಾಗೆ ಏದುಸಿರು ಬಿಡುತ್ತಿದ್ದ ಮರಿಯೊಂದರ ತುಟಿ ಎತ್ತಿ ನೋಡಿದರೆ ಒಸಡು ತೆಂಗಿನ ತಿರುಳಿನ ಬಣ್ಣ. ತಡವಾಗಿತ್ತು. ಗುಲಾಬಿ ಬಣ್ಣ ಸರಿ. ಬಿಳಿ, ನೀಲಿ, ಬೂದು ಆದರೆ ಒಂದು ಗಳಿಗೆಯೂ ಕಾಯಬಾರದು. ಕಪ್ಪು ಮರಿಗಳ ಒಸಡೇ ಕಪ್ಪಿರಬಹುದು, ಆಗ ನಾಲಿಗೆ ನೋಡಬೇಕು. ಈಗ ಹಾಳೆಯಲ್ಲಿ ಬಂದ ಮರಿಯನ್ನು ಮೊದಲು ಸೀರಣಿಗೆಯಲ್ಲಿ ಬಾಚುತ್ತೇನೆ, ಹುಳದ ಮದ್ದನ್ನು ಡಾಕ್ಟ್ರು ತೂಕ ನೋಡಿ ಹೇಳಿದಷ್ಟೇ ಕೊಡುತ್ತೇನೆ.

6. ನಾಯಿಯ ಮದ್ದು, ಮನುಷ್ಯರ ಮಾತ್ರೆ: ಎರಡೂ ಬೇಡ.

ನಾಯಿಯ ಉಣುಗಿಗೆ ತಂದ ಪರ್ಮೆತ್ರಿನ್ ಇರುವ ಮದ್ದು ಬೆಕ್ಕಿಗೆ ವಿಷ. ಜ್ವರದ ಪ್ಯಾರಾಸಿಟಮಾಲ್ ಚೂರೂ ವಿಷ. ಅದರಿಂದ ರಕ್ತ ಆಮ್ಲಜನಕ ಹೊರಲಾರದಂತಾಗಿ, ಒಸಡು ಕಂದಾಗಿ, ಮರಿ ಏದುಸಿರು ಬಿಡುತ್ತದೆ. ಇದೊಂದನ್ನು ಮಾತ್ರ ನಾನು ಮಾಡಿ ಕಲಿತದ್ದಲ್ಲ. ಮಾತ್ರೆ ಕೈಯಲ್ಲಿ ಹಿಡಿದಿದ್ದೆ, ಅಷ್ಟರಲ್ಲಿ ಡಾಕ್ಟ್ರ ಫೋನು ಬಂತು.

7. ಹೊರಡುವ ಮೊದಲು ವಿಡಿಯೋ ಮಾಡಿ.

ಕಡಬದ ಒಳಗಿನಿಂದಲೋ ಸುಳ್ಯದ ಗುಡ್ಡದ ಮೇಲಿನಿಂದಲೋ ಪೇಟೆಗೆ ಇಳಿಯುವಷ್ಟರಲ್ಲಿ ಮರಿ ಸುಮ್ಮನಾಗಿರುತ್ತದೆ. ಮೇಜಿನ ಮೇಲೆ ಅದು ಸಾಕ್ಷಾತ್ ಆರೋಗ್ಯ, ನಾವು ಹುಚ್ಚರು. ಇಲ್ಲವೇ ಕಾರಿನ ಹೆದರಿಕೆಗೇ ಏದುಸಿರು ಬಿಡುತ್ತಿರುತ್ತದೆ, ಯಾವುದು ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಹಾಗಾಗಿ ಪಕ್ಕೆಯೂ ಬಾಯಿಯೂ ಕಾಣುವ ಹಾಗೆ ಅರ್ಧ ನಿಮಿಷದ ವಿಡಿಯೋ ಬೇಕು. ಮರಿಯನ್ನು ತೊಡೆಯ ಮೇಲೆ ಒತ್ತಿ ಹಿಡಿಯದೆ, ಗಾಳಿಯಾಡುವ ಬುಟ್ಟಿಯಲ್ಲಿ ಕೂರಿಸಿ, ಮೇಲೆ ತೆಳು ಬೈರಾಸು ಹಾಕುತ್ತೇನೆ. ಹೊರಡುವ ಮೊದಲು ಫೋನು ಮಾಡುವುದನ್ನೂ ಕಲಿತೆ. ನಮ್ಮ ಕಡೆಯ ಡಾಕ್ಟ್ರು ಯಾವುದೋ ತೋಟದಲ್ಲಿ ಕರು ಅಡ್ಡ ಬಂದ ಹಸುವಿನ ಬಳಿ ಇರಬಹುದು. ಅಲ್ಲಿಂದಲೇ ಅವರು ಕೇಳುವುದು ಇಷ್ಟು: ಪ್ರಾಯ ಎಷ್ಟು, ಆಡಿದ ಮೇಲೆ ಬಂತೋ ಸುಮ್ಮನಿರುವಾಗಲೋ, ಎಷ್ಟು ಹೊತ್ತಾಯಿತು, ಒಸಡಿನ ಬಣ್ಣ ಎಂತದು, ಬೆಳಗ್ಗೆ ಉಂಡಿದೆಯಾ. ಈ ಐದನ್ನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿದ್ದೇನೆ, ಕೆಳಗೆ ಅವರ ನಂಬರು. ಗಾಬರಿಯಲ್ಲಿ ನನಗೆ ನನ್ನ ಹೆಸರೇ ನೆನಪಾಗುವುದಿಲ್ಲ.