ಒಮಾನಿನ ಬಂದರುಗಳು: ಎಂಟು ಗಂಟೆಯಲ್ಲಿ ಕಂಡದ್ದು, ಕಾಣದೆ ಉಳಿದದ್ದು

ಅಕ್ಟೋಬರ್ ಕಳೆದರೆ ಒಮಾನಿನ ಕರಾವಳಿಗೆ ವಿಹಾರ ನೌಕೆಗಳು ಬರತೊಡಗುತ್ತವೆ. ಮಸ್ಕತ್, ಸಲಾಲ, ಉತ್ತರದ ತುದಿಯ ಖಸಬ್ ಇವುಗಳ ಮುಖ್ಯ ನಿಲುಗಡೆಗಳು. ಬೆಳಗ್ಗೆ ಹಡಗು ಕಟ್ಟೆಗೆ ಬಂದರೆ ಸಂಜೆಗೆ ಹೊರಡುತ್ತದೆ. ಆ ಎಂಟು ಹತ್ತು ಗಂಟೆಗಳಲ್ಲಿ ಕಂಡದ್ದೇ ಪ್ರಯಾಣಿಕರ ಪಾಲಿನ ಒಮಾನ್. ಅವರು ಬರೆಯುವ ಪ್ರವಾಸ ಲೇಖನಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಬರುತ್ತವೆ: ಊರು ಶುಚಿಯಾಗಿದೆ, ಜನ ಸಭ್ಯರು, ಎಲ್ಲವೂ ನಿಶ್ಶಬ್ದ. ಮೊದಲ ಎರಡಕ್ಕೆ ನನ್ನ ತಕರಾರಿಲ್ಲ. ಮೂರನೆಯದನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಸ್ವಲ್ಪ ಪರೀಕ್ಷಿಸಬೇಕು.

ಮಸ್ಕತ್‌ನಲ್ಲಿ ಹಡಗು ನಿಲ್ಲುವುದು ಮತ್ರಾ ಎಂಬಲ್ಲಿ, ಸುಲ್ತಾನ್ ಖಾಬೂಸ್ ಬಂದರಿನಲ್ಲಿ. ಎದುರಿಗೆ ಬೋಳು ಕಲ್ಲುಗುಡ್ಡಗಳು, ಅವುಗಳ ಬುಡದಲ್ಲಿ ಬಿಳಿಯ ಮನೆಗಳ ಸಾಲು, ಒಂದು ಗುಡ್ಡದ ಮೇಲೆ ದೈತ್ಯ ಗಾತ್ರದ ಧೂಪದಾನಿಯ ಆಕಾರದ ಕಟ್ಟಡ. ಬಂದರು ಇಷ್ಟು ಶಾಂತವಾಗಿರಲು ಕಾರಣ ಸರಳ. 2014ರಲ್ಲಿ ಸರಕು ಸಾಗಣೆಯನ್ನು ಸೊಹಾರ್ ಬಂದರಿಗೆ ವರ್ಗಾಯಿಸಿದರು. ಮತ್ರಾವನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟರು. ಕ್ರೇನು, ಲಾರಿ, ಹಮಾಲಿಗಳ ಗದ್ದಲ ಈಗ ಬೇರೆ ಊರಿನಲ್ಲಿದೆ. ಇನ್ನು ಮತ್ರಾದ ಪ್ರಸಿದ್ಧ ಸೂಕ್, ಅಂದರೆ ಹಳೆಯ ಪೇಟೆ. ಅದು ಮಧ್ಯಾಹ್ನದ ಬಿಸಿಲಿಗೆ ಬಾಗಿಲು ಹಾಕಿ ಸಂಜೆಗೆ ಮತ್ತೆ ತೆರೆಯುತ್ತದೆ. ಊಟ ಮುಗಿಸಿ ಎರಡು ಗಂಟೆಗೆ ಇಳಿದವರಿಗೆ ನಿದ್ದೆ ಹೋದ ಪೇಟೆ ಕಾಣುತ್ತದೆ. ರಾತ್ರಿ ಎಂಟಕ್ಕೆ ಅದೇ ಓಣಿಯಲ್ಲಿ ಜನ ಕಿಕ್ಕಿರಿದಿರುವಾಗ ಅವರ ಹಡಗು ಸಮುದ್ರದಲ್ಲಿರುತ್ತದೆ. ಅಂಗಡಿಗಳಲ್ಲಿ ನಿಂತವರಲ್ಲಿ ಅನೇಕರು ಭಾರತ, ಬಾಂಗ್ಲಾದೇಶ, ಪಾಕಿಸ್ತಾನದವರು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಳೆಯ ಮಸ್ಕತ್‌ನಲ್ಲಿ ಅರಮನೆಯ ಅಕ್ಕಪಕ್ಕದ ಬಂಡೆಗಳ ಮೇಲೆ ಜಲಾಲಿ, ಮಿರಾನಿ ಎಂಬ ಎರಡು ಕೋಟೆಗಳಿವೆ. ಪ್ರವಾಸಿಗರು ತಪ್ಪದೆ ಫೋಟೋ ತೆಗೆಯುವ ಜಾಗ ಇದು. 1507ರಲ್ಲಿ ಮಸ್ಕತ್ ಹಿಡಿದ ಪೋರ್ಚುಗೀಸರು 1580ರ ದಶಕದಲ್ಲಿ ಇವುಗಳನ್ನು ಬಲಪಡಿಸಿದರು. 1650ರಲ್ಲಿ ಒಮಾನಿಗಳು ಅವರನ್ನು ಹೊರಹಾಕಿದರು. ಉಳ್ಳಾಲದ ಅಬ್ಬಕ್ಕನ ಕಥೆ ಬಲ್ಲವರಿಗೆ ಈ ಪೋರ್ಚುಗೀಸರು ಹೊಸಬರಲ್ಲ. ಒಂದೇ ಕಡಲಿನ ಎರಡು ದಡಗಳಲ್ಲಿ ನಡೆದದ್ದು ಒಂದೇ ಹೋರಾಟ.

ದಕ್ಷಿಣದ ಸಲಾಲದ್ದು ಇನ್ನೂ ಸ್ವಾರಸ್ಯದ ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ 'ಖರೀಫ್' ಕಾಲ. ನಮಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿನ ಗುಡ್ಡಗಳಿಗೆ ಮಂಜು, ತುಂತುರು ತಂದು ಹಸಿರಾಗಿಸುತ್ತದೆ. ವಿಹಾರ ನೌಕೆಗಳು ಬರುವುದು ಚಳಿಗಾಲದಲ್ಲಿ. ಆಗ ಗುಡ್ಡ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆದರೂ ರಸ್ತೆ ಬದಿಯಲ್ಲಿ ಎಳನೀರು, ಬಾಳೆಹಣ್ಣು, ಪಪ್ಪಾಯಿ ಮಾರುವ ಅಂಗಡಿಗಳನ್ನು ಕಂಡು ಪ್ರಯಾಣಿಕರು ಅರೇಬಿಯಾದಲ್ಲಿ ತೆಂಗೇ ಎಂದು ಬೆರಗಾಗುತ್ತಾರೆ.

ಇದೇ ಬೆರಗು 14ನೇ ಶತಮಾನದಲ್ಲಿ ಇಬ್ನ್ ಬತೂತಾ ಅವರಿಗೂ ಆಗಿತ್ತು. ಸಲಾಲದ ಪಕ್ಕದ ಅಲ್ ಬಲೀದ್ ಎಂಬ ಅವಶೇಷವೇ ಅವರು ಕಂಡ ಜಫಾರ್ ನಗರ. ಅಲ್ಲಿ ತೆಂಗು, ವೀಳ್ಯದೆಲೆ ಬೆಳೆಯುವುದನ್ನು, ಜನರು ಭಾರತದಿಂದ ಬಂದ ಅಕ್ಕಿ ಉಣ್ಣುವುದನ್ನು, ದನಕರುಗಳಿಗೆ ಒಣಮೀನು ಹಾಕುವುದನ್ನು, ಕುದುರೆಗಳು ಭಾರತಕ್ಕೆ ಹಡಗೇರುವುದನ್ನು ಅವರು ದಾಖಲಿಸಿದ್ದಾರೆ. ಆ ನಾಡಿನ ಇನ್ನೊಂದು ಸರಕು ಲೋಬಾನ, ಅರಬ್ಬಿಯಲ್ಲಿ ಲುಬಾನ್. (ನಮ್ಮ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಮಾರುವುದು ಹಲವು ಸಲ ಬೇರೆ ಮರದ ಅಂಟು.) ಆ ಮರಗಳ ಕಣಿವೆ ಮತ್ತು ಅದರ ವ್ಯಾಪಾರದ ಹಳೆಯ ಬಂದರುಗಳನ್ನು ಯುನೆಸ್ಕೊ 2000ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಬ್ನ್ ಬತೂತಾ ಇಷ್ಟೆಲ್ಲ ಕಂಡದ್ದು ಹೇಗೆ? ಕಣ್ಣು ಚುರುಕಾಗಿತ್ತು ನಿಜ. ಆದರೆ ದೊಡ್ಡ ಕಾರಣ ಬೇರೆ ಎಂದು ನನಗನಿಸುತ್ತದೆ. ಗಾಳಿ ತಿರುಗುವವರೆಗೆ ಹಡಗು ಹೊರಡುತ್ತಿರಲಿಲ್ಲ. ಹಾಗಾಗಿ ಊರಲ್ಲಿ ಉಳಿಯಲೇಬೇಕು, ಊರವರ ಮನೆಯಲ್ಲಿ ಉಣ್ಣಬೇಕು, ಖಾಝಿಯನ್ನು ಮಾತಾಡಿಸಬೇಕು, ಮಸೀದಿಯಲ್ಲಿ ಅಕ್ಕಪಕ್ಕದವರ ಪರಿಚಯವಾಗಬೇಕು. ಮುಂದೆ ನಮ್ಮ ಹೊನ್ನಾವರಕ್ಕೆ ಬಂದಾಗಲೂ ಅವರು ಅಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳಿವೆ ಎಂದು ಬರೆದರು. ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಿತ್ತು ಎಂದೂ ಹೇಳಿದರು. ಹಡಗಿನ ಮೇಲ್ಮಹಡಿಯಿಂದ ನೋಡಿದರೆ ಶಾಲೆಗಳ ಲೆಕ್ಕ ಸಿಗುವುದಿಲ್ಲ. ಹಾಗೆಂದು ಅವರ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ: ಆ ಗ್ರಂಥ ಅವರು ಮೊರಾಕ್ಕೊಗೆ ಮರಳಿದ ಮೇಲೆ ನೆನಪಿನಿಂದ ಹೇಳಿ ಬರೆಸಿದ್ದು.

ಅಕ್ಕಿಯ ದಾರಿ ಅಲ್ಲಿಗೇ ನಿಲ್ಲಲಿಲ್ಲ. 18ನೇ ಶತಮಾನದಲ್ಲಿ ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಗಂಧ, ಕರಿಮೆಣಸು ಅಲ್ಲಿ ಮಾರಾಟವಾಗುತ್ತಿದ್ದವು. ಗಲ್ಫ್ ಎಂದರೆ ವೀಸಾ, ವಿಮಾನ, ನೌಕರಿ ಎಂಬ ನಮ್ಮ ತಿಳಿವಳಿಕೆ ಕೆಲವೇ ದಶಕಗಳದ್ದು.

ಮುಂದಿನ ತರಗತಿಗೆ: ಅರಬ್ಬಿ ಸಮುದ್ರದ ನಕ್ಷೆಯಲ್ಲಿ ಖಸಬ್, ಮಸ್ಕತ್, ಸಲಾಲ, ಹೊನ್ನಾವರ, ಮಂಗಳೂರು ಗುರುತಿಸಿ. ಎರಡು ಮಾರುತಗಳ ದಿಕ್ಕನ್ನು ಬಾಣದಲ್ಲಿ ತೋರಿಸಿ, ಹಾಯಿಹಡಗು ಯಾವ ತಿಂಗಳಲ್ಲಿ ಯಾವ ಕಡೆಗೆ ಹೊರಡಬಹುದಿತ್ತು ಎಂದು ಬರೆಯಿರಿ. ಮನೆಯಲ್ಲಿ ಒಮಾನಿನಲ್ಲಿ ದುಡಿದವರಿದ್ದರೆ, ಬಂದರಿನ ಬಗ್ಗೆ ಅವರಿಗೆ ನೆನಪಿರುವುದನ್ನು ಕೇಳಿ ಅರ್ಧ ಪುಟ ಬರೆದು ತನ್ನಿ.