ಅಜ್ಜನ ಕೋವಿಗೆ ಏನೇನು ಹಾಕಿಸಿದೆ, ಲೈಟನ್ನು ಯಾಕೆ ಕಿತ್ತು ಹಾಕಿದೆ



ಈ ವಾರ ಹಳೇ ಕೋವಿಯ ವಿಷಯ. ಭತ್ತ ಹಾಲುಗಟ್ಟುವ ಹೊತ್ತಿಗೆ ನಮ್ಮ ಮಲೆನಾಡಲ್ಲಿ ಹಂದಿ ಕಾಟ ಶುರುವಾಗುತ್ತೆ. ಆಗ ನನ್ನ ವಯಸ್ಸಿನ ಹುಡುಗರೆಲ್ಲ ರಾತ್ರಿ ಫೋನಿನಲ್ಲಿ ನೋಡೋದು ಟೆಕ್ಸಾಸ್‌ನ ವಿಡಿಯೋಗಳನ್ನೇ. ರೈಫಲ್ ಮೇಲೆ ಲೈಟು, ಲೇಸರು, ದುರ್ಬೀನು, ಪಕ್ಕದಲ್ಲಿ ಬೆಲ್ಟು. ನೋಡಿದ ಮೇಲೆ ಮನೆಯ ಕೋವಿ ಬಡಪಾಯಿ ಹಾಗೆ ಕಾಣುತ್ತೆ. ನಾನೂ ಹಾಗೇ ನೋಡಿ, ಹಾಗೇ ತರಿಸಿದವನು. ಅದರಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಅಂತ ಹೇಳ್ತೀನಿ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ರೈಫಲ್ ಅಂದ್ರೆ ನಳಿಗೆಯ ಒಳಗೆ ತಿರುಚಿದ ಗೀರುಗಳಿರುವ ಬಂದೂಕು, ಒಂದೇ ಗುಂಡು ತಿರುಗುತ್ತಾ ದೂರ ಹೋಗುತ್ತೆ. ನಮ್ಮ ಮನೆಗಳಲ್ಲಿ ಇರೋದು ಹೆಚ್ಚಾಗಿ ನಯ ನಳಿಗೆಯ ಹನ್ನೆರಡು ಬೋರಿನ ತೋಟಾ ಕೋವಿ, ಇಲ್ಲವೇ ಇನ್ನೂ ಹಳೆಯ ಕೇಪಿನ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಬೆಳೆ ರಕ್ಷಣೆಗೆ ಅಂತ ಹೆಸರಿಸಿರೋದು ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಕೋವಿಗೂ ಲೈಸೆನ್ಸ್ ಕೊಡಬಹುದು. ಇಂಥ ಕೋವಿಗೆ ದುರ್ಬೀನು ಹಾಕಿ ಏನೂ ಪ್ರಯೋಜನವಿಲ್ಲ. ಚರೆ ಹರಡಿಕೊಂಡು ಹೋಗುವಾಗ ದುರ್ಬೀನಿನ ಗೆರೆ ಏನು ಮಾಡುತ್ತೆ? ಆ ದುಡ್ಡಲ್ಲಿ ಎರಡು ಚೀಲ ಗೊಬ್ಬರ ತನ್ನಿ.

ನನ್ನದು ಅಜ್ಜನ ಜೋಡು ನಳಿಗೆ. ಲೈಸೆನ್ಸ್ ನನ್ನ ಹೆಸರಿಗೆ ಬಂದದ್ದು ವಾರಸುದಾರನಾಗಿ. 2016ರ ನಿಯಮಗಳ ಪ್ರಕಾರ ಲೈಸೆನ್ಸ್ ಹೊಂದಿದವರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ 25 ವರ್ಷದಿಂದ ಅವರ ಹತ್ತಿರ ಇದ್ದರೆ, ಬದುಕಿರುವಾಗಲೇ ವಾರಸುದಾರರನ್ನು ಸೂಚಿಸಬಹುದು. ಮನೆಯಲ್ಲಿ ಅಜ್ಜ, ದೊಡ್ಡಪ್ಪ ಇದ್ದರೆ ಈ ಕೆಲಸ ಈಗಲೇ ಮಾಡಿಸಿ. ತೀರಿಹೋದ ಮೇಲೆ ಓಡಾಟ ಜಾಸ್ತಿ, ನಡುವೆ ಕೋವಿ ಸುಮ್ಮನೆ ಮನೆಯಲ್ಲಿಟ್ಟುಕೊಂಡರೆ ಅದು ಅಪರಾಧ. ಕೊಡಗಿನವರ ಕಥೆ ಬೇರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಕೆಳಗೆ ಬರೆದ ಸುರಕ್ಷತೆಯ ಮಾತು ಅವರಿಗೂ ಅಷ್ಟೇ.

ಹಾಕಿಸಿ ಉಪಯೋಗವಾದದ್ದು

ಮೊದಲನೆಯದು ಭುಜಕ್ಕೆ ತಾಗುವ ರಬ್ಬರ್ ಪ್ಯಾಡ್. ಅಜ್ಜ ಗಿಡ್ಡ, ನಾನು ಉದ್ದ. ಅವರ ಅಳತೆಯ ಹಿಡಿ ನನ್ನ ಭುಜಕ್ಕೆ ಸರಿಯಾಗಿ ಕೂರ್ತಿರಲಿಲ್ಲ. ಈಡು ಹೊಡೆದಾಗಲೆಲ್ಲ ಒದೆ, ಆ ಒದೆಯ ಹೆದರಿಕೆಗೆ ನಾನು ಕಣ್ಣು ಮುಚ್ಚಿ ಟ್ರಿಗರ್ ಎಳೀತಿದ್ದೆ. ಕಣ್ಣು ಮುಚ್ಚಿ ಹೊಡೆಯುವವನ ಪಕ್ಕದಲ್ಲಿ ಯಾರೂ ನಿಲ್ಲಬಾರದು! ಅಳತೆ ನೋಡುವುದು ಸುಲಭ. ಖಾಲಿ ಕೋವಿಯ ಹಿಂಭಾಗವನ್ನು ಮಡಚಿದ ಮೊಣಕೈಯ ಒಳಬದಿಗೆ ತಾಗಿಸಿ, ತೋರುಬೆರಳು ಟ್ರಿಗರ್‌ಗೆ ಹಾಯಾಗಿ ಸಿಕ್ಕಿದರೆ ಹೆಚ್ಚುಕಡಿಮೆ ಸರಿ. ಬೆರಳು ಟ್ರಿಗರ್ ದಾಟಿ ಮುಂದೆ ಹೋದರೆ ಹಿಡಿ ಗಿಡ್ಡ ಅಂತ ಅರ್ಥ. ಪ್ಯಾಡ್‌ನಿಂದ ನನಗೆ ಎರಡು ಸೆಂಟಿಮೀಟರ್ ಉದ್ದ ಸಿಕ್ಕಿತು. ಕಾಲುಚೀಲದ ಹಾಗೆ ಏರಿಸುವ ಪ್ಯಾಡ್ ಕೂಡ ಸಿಗುತ್ತೆ, ಮರಕ್ಕೆ ತೂತು ಹೊಡೆಯಬೇಕಿಲ್ಲ. ಆದರೆ ಮಳೆಗಾಲದಲ್ಲಿ ಅದರೊಳಗೆ ನೀರು ನಿಂತು ಮರ ಕೊಳೆಯುತ್ತೆ. ಬಂದ ತಕ್ಷಣ ತೆಗೆದು ಒಣಗಿಸಿ.

ಎರಡನೆಯದು ಹೆಗಲ ಬೆಲ್ಟ್. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಟಾರ್ಚ್ ಹಿಡಿದು ಸಂಕ ದಾಟುವಾಗ ಅದರ ಬೆಲೆ ಗೊತ್ತಾಗುತ್ತೆ. ಕ್ಯಾನ್ವಾಸ್ ಬೆಲ್ಟೇ ಸಾಕು, ನಮ್ಮ ಮಳೆಗೆ ಚರ್ಮದ್ದಕ್ಕೆ ಬೂಷ್ಟು ಹಿಡಿಯುತ್ತೆ. ಆದರೆ ಬೆಲ್ಟ್ ಬಂದ ಮೇಲೆ ಹೆಗಲಲ್ಲಿ ಕೋವಿ ಇದೆ ಅನ್ನೋದೇ ಮರೆತುಹೋಗುತ್ತೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟು: ಕೋವಿ ಹೆಗಲಿಗೆ ಹೋಗಬೇಕಾದರೆ ತೋಟಾ ಜೇಬಿಗೆ ಬರಬೇಕು. ಉಣಗೋಲು ದಾಟುವಾಗ, ಬೇಲಿ ಹತ್ತುವಾಗ, ಜೀಪು ಏರುವಾಗ ಕೂಡ ಅಷ್ಟೇ.

ಮೂರನೆಯದು ತೀರಾ ಅಗ್ಗದ್ದು. ನಳಿಗೆಯ ತುದಿಯ ಗುರಿಮಣಿಗೆ ಒಂದು ಹನಿ ಬಿಳಿ ಬಣ್ಣ. ಮಸುಕಿನಲ್ಲಿ ಹಿತ್ತಾಳೆ ಮಣಿ ಕಾಣೋದೇ ಇಲ್ಲ, ಬಿಳಿ ಕಾಣುತ್ತೆ.

ಇದಕ್ಕೆಲ್ಲ ಮುಂಚೆ ಮಾಡಬೇಕಾದದ್ದನ್ನು ನಾನು ಕೊನೆಗೆ ಮಾಡಿದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ದು ನಳಿಗೆ ಪರೀಕ್ಷೆ ಮಾಡಿಸಿದ್ದು. ಹಳೇ ಕೋವಿಗಳಲ್ಲಿ ಕೆಲವಕ್ಕೆ 65 ಮಿಲಿಮೀಟರ್ ತೋಟಾದ ಗೂಡು ಇರುತ್ತೆ, ಈಗ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ 70ರದ್ದು. ತೊಂದರೆ ಏನಂದ್ರೆ, ದೊಡ್ಡದೂ ಒಳಗೆ ಕೂರುತ್ತೆ. ಹೊಡೆದಾಗ ತೋಟಾದ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. ಅಳತೆಯನ್ನು ಸಾಮಾನ್ಯವಾಗಿ ನಳಿಗೆಯ ಬುಡದ ಚಪ್ಪಟೆ ಭಾಗದಲ್ಲಿ ಕೆತ್ತಿರ್ತಾರೆ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನಳಿಗೆಯ ಮೈಮೇಲೆ ನೀರಿನ ಅಲೆಯ ಹಾಗೆ ಸುರುಳಿ ಗೆರೆಗಳಿದ್ದರೆ ಅದು ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಇರಬಹುದು. ಹಳೇ ಕರಿಮದ್ದಿನ ಕಾಲದ್ದು ಅದು. ಇಂದಿನ ತೋಟಾ ಹಾಕಬೇಡಿ, ನೆನಪಿಗೆ ಇಟ್ಟುಕೊಳ್ಳಿ ಅಷ್ಟೇ.

ಲೈಟಿನ ಕಥೆ

ಈಗ ಮುಖ್ಯ ವಿಷಯ. ನಾನು ಫೋನಿನಲ್ಲಿ ಒಂದು ಕ್ಲ್ಯಾಂಪ್ ಮತ್ತು ಎಲ್‌ಇಡಿ ಟಾರ್ಚ್ ತರಿಸಿದೆ. ನಳಿಗೆಯ ಕೆಳಗೆ ಸ್ಕ್ರೂ ಬಿಗಿದು ಕೂರಿಸಿದೆ. ಅಂಗಳದಲ್ಲಿ ಹೊತ್ತಿಸಿ ನೋಡಿದರೆ ಹುಣಸೆ ಮರದ ಎಲೆ ಎಲೆಯೂ ಕಾಣುತ್ತಿತ್ತು. ತಮ್ಮ ವಿಡಿಯೋ ಮಾಡಿದ, ಸ್ಟೇಟಸ್‌ಗೂ ಹಾಕಿದೆ.

ನಾಲ್ಕನೇ ದಿನ ರಾತ್ರಿ ಹನ್ನೊಂದರ ಮೇಲೆ ಗದ್ದೆ ಕಡೆ ಸರಸರ ಸದ್ದು ಕೇಳಿತು. ಮೇಲಕ್ಕೆ ಒಂದು ಈಡು ಹೊಡೆದು ಓಡಿಸೋಣ ಅಂತ ಹೊರಟವನು ನಾನು, ಬೇರೇನೂ ಮನಸ್ಸಲ್ಲಿರಲಿಲ್ಲ. ಆದರೆ ಏನಿದೆ ಅಂತ ನೋಡಬೇಕಲ್ಲ, ಲೈಟ್ ಇರೋದು ಕೋವಿಯ ಮೇಲೆ. ನೋಡೋಕೆ ಅಂತ ನಳಿಗೆಯನ್ನೇ ಸದ್ದು ಬಂದ ಕಡೆ ತಿರುಗಿಸಿದೆ. ಬದುವಿನ ಪಕ್ಕ ಕಪ್ಪಗೆ, ಗೂನು ಬೆನ್ನಿನ ಹಾಗೆ ಏನೋ ಅಲ್ಲಾಡಿತು. ಎರಡು ನಳಿಗೆಯಲ್ಲೂ ತೋಟಾ ಇತ್ತು. ಸೇಫ್ಟಿ ಮುಂದೆ ತಳ್ಳಿದ್ದೆ. ಬೆರಳು ಟ್ರಿಗರ್ ಮೇಲೆ ಯಾವಾಗ ಹೋಗಿತ್ತೋ ಗೊತ್ತಿಲ್ಲ.

ಆ ಕಪ್ಪು ಎದ್ದು ನಿಂತಿತು. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಯ ನೀರು ಕಡಿಯಲು ಬಂದಿದ್ದ ಚಿಕ್ಕಪ್ಪ.

"ಮೊದಲು ಅದನ್ನ ಆಚೆ ತಿರುಗಿಸೋ ಮಾರಾಯ" ಅಂದರು. ಅಷ್ಟೇ. ಮನೆವರೆಗೂ ಇಬ್ಬರೂ ಮಾತಾಡಲಿಲ್ಲ. ಅಂಗಳಕ್ಕೆ ಬಂದು ಕೂತಾಗ ನನ್ನ ಕೈ ನಡುಗ್ತಿತ್ತು, ಚಿಕ್ಕಮ್ಮ ಯಾಕೆ ಅಂತ ಕೇಳಿದರೆ ಚಳಿ ಅಂದೆ.

ಮರುದಿನ ಕ್ಲ್ಯಾಂಪ್ ಬಿಚ್ಚಿದೆ. ಬಿಚ್ಚಿದಾಗ ಕಂಡದ್ದು ಇನ್ನೊಂದು. ಸ್ಕ್ರೂ ಬಿಗಿದ ಜಾಗದಲ್ಲಿ ನಳಿಗೆಗೆ ಸಣ್ಣ ತಗ್ಗು ಬಿದ್ದಿತ್ತು. ತೋಟಾ ಕೋವಿಯ ನಳಿಗೆ ಬುಡದಲ್ಲಿ ದಪ್ಪ, ಮುಂದೆ ಹೋದ ಹಾಗೆ ಬಹಳ ತೆಳು. ರೈಫಲ್ಲಿನ ದಪ್ಪ ನಳಿಗೆಗೆ ಮಾಡಿದ ಕ್ಲ್ಯಾಂಪ್ ಇದಕ್ಕಲ್ಲ. ಕೆಲವರು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬ್ರಾಕೆಟ್ ಹಾಕಿಸ್ತಾರೆ ಅಂತ ಕೇಳಿದ್ದೀನಿ. ಜೋಡು ನಳಿಗೆಯನ್ನೂ ನಡುವಿನ ಪಟ್ಟಿಯನ್ನೂ ಬೆಸುಗೆಯಿಂದ ಕೂಡಿಸಿರ್ತಾರೆ. ಬಿಸಿ ತಾಗಿದರೆ ಅದು ಬಿಟ್ಟುಕೊಳ್ಳುತ್ತೆ, ಉಕ್ಕಿನ ಹದವೂ ಕೆಡುತ್ತೆ. ಅಲ್ಲದೆ ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ಮಾಡೋದೇ ಕಾನೂನಿಗೆ ವಿರುದ್ಧ, ನಳಿಗೆ ಕತ್ತರಿಸಿ ಗಿಡ್ಡ ಮಾಡೋದಂತೂ ದೊಡ್ಡ ಅಪರಾಧ.

ಕಣ್ಣು ಹೊಳೆಯೋದರ ಲೆಕ್ಕ

ನಮ್ಮ ಕಡೆ ಹಳಬರು ಹೇಳುವ ಮಾತಿದೆ, ಲೈಟ್ ಬಿಟ್ಟು ಕಣ್ಣು ನೋಡು ಅಂತ. ಹಸು, ನಾಯಿ, ಬೆಕ್ಕು, ಜಿಂಕೆ, ಚಿರತೆ ಇವಕ್ಕೆ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇರುತ್ತೆ, ಬೆಳಕು ಅಲ್ಲಿಂದ ವಾಪಸು ಬಂದು ಹೊಳೆಯುತ್ತೆ. ಹಂದಿಗೆ ಆ ಪದರ ಇಲ್ಲ. ಹಾಗಾಗಿ "ಕಪ್ಪಗಿದೆ, ಕಣ್ಣು ಹೊಳೀತಿಲ್ಲ, ಹಂದಿಯೇ" ಅಂತ ಲೆಕ್ಕ ಹಾಕ್ತಾರೆ. ನಾನೂ ಆ ರಾತ್ರಿ ಅದೇ ಲೆಕ್ಕ ಹಾಕಿದ್ದೆ. ಆದರೆ ಮನುಷ್ಯನ ಕಣ್ಣಿಗೂ ಆ ಪದರ ಇಲ್ಲ! ಕತ್ತಲೆಯಲ್ಲಿ ಕಂಬಳಿ ಹೊದ್ದು ಬಗ್ಗಿದ ಮನುಷ್ಯನೂ ಹಂದಿಯೂ ಟಾರ್ಚಿಗೆ ಒಂದೇ ಥರ ಕಾಣ್ತಾರೆ. ಹೊಳೆಯುವ ಕಣ್ಣು ಕಂಡರೋ, ಅದು ಪಕ್ಕದ ಮನೆಯ ಕಟ್ಟು ಬಿಚ್ಚಿದ ಕರು ಆಗಿರಬಹುದು. ಹಾಗಾಗಿ ಕಣ್ಣು ನೋಡಿ ತೀರ್ಮಾನ ಮಾಡೋ ಹಾಗೇ ಇಲ್ಲ. ಕಾಲು, ಮೂತಿ, ಇಡೀ ಆಕಾರ ಕಾಣುವವರೆಗೆ ಬೆಳಕು ಬಿಡಬೇಕು. ಆ ಬೆಳಕು ಕೋವಿಯಿಂದ ಬೇರೆಯಾಗಿರಬೇಕು.

ಈಗ ನಾವು ಇಬ್ಬರು ಹೋಗ್ತೀವಿ. ತಮ್ಮ ನನ್ನ ಎಡಕ್ಕೆ, ಭುಜಕ್ಕಿಂತ ಸ್ವಲ್ಪ ಹಿಂದೆ ನಿಂತು ಟಾರ್ಚ್ ಹಿಡೀತಾನೆ. ನನ್ನ ಕೋವಿ ಮಡಚಿ ತೆರೆದಿರುತ್ತೆ, ತೋಟಾ ಜೇಬಲ್ಲಿ. ಮೊದಲು "ಯಾರದು?" ಅಂತ ಗಟ್ಟಿಯಾಗಿ ಕೂಗ್ತೀವಿ. ಹತ್ತರಲ್ಲಿ ಎಂಟು ಸಲ ಆ ಕೂಗಿಗೇ ಹಂದಿ ಓಡುತ್ತೆ, ತೋಟಾದ ಖರ್ಚೂ ಉಳಿಯಿತು. ತೀರಾ ಬೇಕಾದರೆ ಸಣ್ಣ ಚರೆಯ ತೋಟಾ ಹಾಕಿ, ಮನೆ, ದಾರಿ, ಕರೆಂಟ್ ತಂತಿ ಇಲ್ಲದ ಕಡೆ ಆಕಾಶಕ್ಕೆ. ದಪ್ಪ ಎಲ್‌ಜಿ ಗುಂಡು ಅರ್ಧ ಕಿಲೋಮೀಟರ್ ದಾಟಿ ಹೋಗಬಲ್ಲದು, ಗುಡ್ಡದ ಆಚೆ ಯಾರ ಮನೆ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಪ್ರಾಣಿಗೆ ಹೊಡೆಯುವುದು ಬೇರೆಯೇ ಮಾತು. 1972ರ ವನ್ಯಜೀವಿ ಕಾಯ್ದೆ ಇದೆ, ಬೆಳೆ ಹಾಳಾದರೂ ಅಧಿಕಾರಿಯ ಲಿಖಿತ ಆದೇಶ ಬೇಕು. ಕೋವಿ ಲೈಸೆನ್ಸ್ ಅಂದ್ರೆ ಶಿಕಾರಿ ಲೈಸೆನ್ಸ್ ಅಲ್ಲ. ಆನೆ ಇದ್ದರೆ ಕೋವಿ ಮುಟ್ಟಲೇಬೇಡಿ, ಒಳಗೆ ಬಂದು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಟಾರ್ಚ್ ಆರಿಸುವಾಗ ಒಂದೆರಡು ಮಾತು. ಒಬ್ಬರೇ ಹೋಗುವವರಿಗೆ ತಲೆಗೆ ಕಟ್ಟುವ ಟಾರ್ಚ್ ಒಳ್ಳೆಯದು. ಆದರೆ ಮಂಜಿನಲ್ಲಿ ಅದು ಕಣ್ಣ ಮುಂದೆ ಬಿಳಿ ಪರದೆ ಕಟ್ಟಿದ ಹಾಗೆ ಮಾಡುತ್ತೆ. ಅಂಥ ದಿನ ಕೈ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ದಾರಿ ಕಾಣುತ್ತೆ. 18650 ಅನ್ನೋ ಲಿಥಿಯಂ ಸೆಲ್ ಮೇಲೆ 9,900 ಎಂಎಎಚ್ ಅಂತ ಬರೆದಿದ್ದರೆ ಕೊಳ್ಳಬೇಡಿ. ಆ ಗಾತ್ರದ ಒಳ್ಳೇ ಸೆಲ್ಲಿನಲ್ಲಿ ಸುಮಾರು 3,500ರ ಆಚೆಈಚೆ ಇರುತ್ತೆ, ಉಳಿದದ್ದು ಸುಳ್ಳು.

ಮಳೆಗಾಲ, ಠಾಣೆ, ಪೂಜೆ

ಕೋವಿಯನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ತೇವ ಹಿಡಿದಿಟ್ಟುಕೊಂಡು ತುಕ್ಕು ತರಿಸುತ್ತೆ. ಬೀಗ ಇರುವ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತೋಟಾ ಬೇರೆ ಬೀಗದಲ್ಲಿ. ನಳಿಗೆ ಒರೆಸಲು ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಜಿಗುಟಾಗುತ್ತೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಮಿಷಿನ್ ಎಣ್ಣೆ ನಡೆಯುತ್ತೆ. ಪ್ರತಿ ಸಲ ಹೊರಗೆ ತೆಗೆದಾಗ ಕೋವಿ ಮಡಚಿ, ಖಾಲಿ ಇದೆ ಅಂತ ನೋಡಿಕೊಂಡು ಹಿಂದಿನಿಂದ ನಳಿಗೆಯೊಳಗೆ ಬೆಳಕು ನೋಡಿ. ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿರುತ್ತೆ, ಅದರ ಮೇಲೆ ಈಡು ಹೊಡೆದರೆ ನಳಿಗೆ ಸಿಡಿಯುತ್ತೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸ್ತಾರಲ್ಲ, ಪೂಜೆಯಾದ ಮೇಲೆ ಅದರ ತೊಟ್ಟೂ ಒಳಗೆ ಉಳಿಯದ ಹಾಗೆ ನೋಡಿಕೊಳ್ಳಿ.

ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಹೋಗಬೇಕಾಗುತ್ತೆ, ಅದೂ ಬೆಳೆ ಇರುವಾಗಲೇ. ಈ ಸಂಕಟ ಎಲ್ಲರದ್ದೂ. ಕೊಡುವ ಹಿಂದಿನ ದಿನ ಒಳಗೂ ಹೊರಗೂ ಎಣ್ಣೆ ಒರೆಸಿ, ಬೆಲ್ಟ್ ಮತ್ತು ಪ್ಯಾಡ್ ಬಿಚ್ಚಿ ಮನೆಯಲ್ಲಿಡಿ. ಕೋವಿಯ ನಂಬರ್ ಇರುವ ರಸೀದಿ ತಗೊಂಡು ಅಲ್ಲೇ ಫೋಟೋ ತೆಗೀರಿ. ಲೈಸೆನ್ಸ್ ಅವಧಿ 2019ರ ತಿದ್ದುಪಡಿಯಿಂದ 5 ವರ್ಷ ಆಗಿದೆ, ಮುಗಿಯುವ ತಾರೀಖಿಗೆ ಮೂರು ತಿಂಗಳು ಮುಂಚೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ನಮ್ಮ ತಗ್ಗು ಬಿದ್ದ ನಳಿಗೆಯನ್ನು ರಿಪೇರಿಯವರು ಒಳಗಿಂದ ಸರಿ ಮಾಡಿಕೊಟ್ಟರು. ಕ್ಲ್ಯಾಂಪ್ ಈಗ ಪಂಪ್‌ಶೆಡ್ಡಿನ ಪೈಪಿಗೆ ಬಿಗಿದಿದೆ, ಅದರಲ್ಲಿ ಅದೇ ಟಾರ್ಚ್. ಗದ್ದೆ ಕಡೆ ಫೋನಿಗೆ ಸಿಗ್ನಲ್ ಬರಲ್ಲ. ಅದಕ್ಕೆ ರಾತ್ರಿ ಹೋಗುವವರು ಹೊರಡುವ ಮುಂಚೆ ಮನೆಯ ಗ್ರೂಪಿಗೆ ಒಂದು ಮೆಸೇಜ್ ಹಾಕಿ, ಗದ್ದೆ ಬಾಗಿಲಲ್ಲಿ ಒಂದು ಕೂ ಹಾಕ್ತೀವಿ. ಚಿಕ್ಕಪ್ಪ ಕಂಬಳಿ ಬಿಟ್ಟಿಲ್ಲ. ಅದರ ಮೇಲೆ ಬಿಳಿ ಟವೆಲ್ ಸುತ್ತಿಕೊಂಡು ಹೋಗ್ತಾರೆ.