ನಾಲ್ಕು ಮಿಲಿಮೀಟರಿನ ಬೆಲೆ

ಲೆನ್ಸ್ ಕೊಳ್ಳುವ ಮುಂಚೆ ಯೂಟ್ಯೂಬ್ ನೋಡಿದರೆ ಖರ್ಚು ಹೆಚ್ಚುತ್ತದೆ. ಟೇಪು ಹಿಡಿದು ಮನೆಯ ಹಾಲ್ ಅಳೆದರೆ ಕಡಿಮೆಯಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಲೆಕ್ಕ ಮುಂದೆ ಬರುತ್ತದೆ.

ನನ್ನದು ಸೋನಿ ಎ7 ಮಾರ್ಕ್ 3, 2018ರ ಫುಲ್ ಫ್ರೇಮ್ ಕ್ಯಾಮೆರಾ. ಅದರ ಜೊತೆ ಬಂದದ್ದು 28-70 ಎಂಎಂ ಕಿಟ್ ಲೆನ್ಸ್, ತೂಕ 295 ಗ್ರಾಂ. ಹಗಲಿನಲ್ಲಿ ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಹಲಸೂರು ಕೆರೆಯ ದಂಡೆ, ಸೋಮೇಶ್ವರ ದೇವಸ್ಥಾನದ ಕಲ್ಲಿನ ಕಂಬಗಳು, ರಸೆಲ್ ಮಾರ್ಕೆಟ್ಟಿನ ಹೂವಿನ ಸಾಲು, ಎಲ್ಲವನ್ನೂ ಅದು ಅಚ್ಚುಕಟ್ಟಾಗಿ ತೆಗೆದುಕೊಟ್ಟಿದೆ. ತಕರಾರು ಶುರುವಾಗುವುದು ಕತ್ತಲಾದ ಮೇಲೆ. 70ಕ್ಕೆ ಜೂಮ್ ಮಾಡಿದರೆ ಅದರ ಅಪರ್ಚರ್ ಎಫ್/5.6ಕ್ಕಿಂತ ದೊಡ್ಡದಾಗುವುದಿಲ್ಲ. ಎಫ್/2.8 ಲೆನ್ಸ್ ಒಳಗೆ ಬಿಡುವ ಬೆಳಕಿನ ಕಾಲು ಪಾಲು ಮಾತ್ರ ಸೆನ್ಸರಿಗೆ ಸಿಗುತ್ತದೆ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರಿ, ಸೆಪ್ಟೆಂಬರ್ 8ಕ್ಕೆ ತೇರು ಹೊರಡುತ್ತದೆ. ಸೀರೆಯುಟ್ಟ ಮಾತೆ, ಕಾವಿ ತೊಟ್ಟ ಭಕ್ತರು, ಸಾಲು ಮೇಣದಬತ್ತಿ. ಅಲ್ಲಿ ಎಫ್/2.8 ಇದ್ದವರು ಐಎಸ್‌ಒ 1600ರಲ್ಲಿ ತೆಗೆಯುವ ಚಿತ್ರಕ್ಕೆ ನಾನು 6400 ಇಡಬೇಕಿತ್ತು. ಮುಖಗಳೆಲ್ಲ ಮರಳು ಮರಳು.

ಹಾಗಾಗಿ ಎಫ್/2.8 ಸ್ಟ್ಯಾಂಡರ್ಡ್ ಜೂಮ್ ಬೇಕು ಅನ್ನುವುದು ಖಚಿತವಾಯಿತು. ಯಾವುದು ಅನ್ನುವುದೇ ದುಡ್ಡಿನ ಪ್ರಶ್ನೆ. ನಮ್ಮ ಅಂಗಡಿಗಳಲ್ಲಿ ರೂಪಾಯಿ ಬೆಲೆ ಹಬ್ಬಕ್ಕೊಂದು, ಆಫರ್‌ಗೊಂದು ಇರುವುದರಿಂದ ಹೋಲಿಕೆಗೆ ಬಿಡುಗಡೆಯ ಡಾಲರ್ ಬೆಲೆಯನ್ನೇ ಇಟ್ಟುಕೊಂಡೆ. ಸೋನಿಯ ಸ್ವಂತದ್ದು 24-70 ಜಿಎಂ 2, 2022ರಲ್ಲಿ 2,299 ಡಾಲರ್. ಸಿಗ್ಮಾ 24-70 ಆರ್ಟ್, 2019ರಲ್ಲಿ 1,099. ಸಿಗ್ಮಾ 28-70 ಮತ್ತು ಟ್ಯಾಮ್ರಾನ್ 28-75 ಜಿ2 ಎರಡೂ 2021ರವು, ಎರಡಕ್ಕೂ 899. ಅಂದರೆ ಟ್ಯಾಮ್ರಾನ್‌ನ ಎರಡೂವರೆ ಪಟ್ಟು ಕೊಟ್ಟರೆ ಸೋನಿಯ ಹೆಸರಿರುವ ಲೆನ್ಸ್.

ಅಗ್ಗವಾದದ್ದೆಲ್ಲ ಗಾಜಿನಲ್ಲಿ ಖೋಟಾ ಎಂದು ನಮ್ಮಲ್ಲೊಂದು ಗುಮಾನಿ ಇದೆ. ಇಲ್ಲಿ ಅಗ್ಗವಾದದ್ದರ ಗುಟ್ಟು ಬೇರೆ. 24ರ ಬದಲು 28ರಿಂದ ಶುರುಮಾಡಿದರೆ ಲೆನ್ಸ್ ಸಣ್ಣದಾಗುತ್ತದೆ. ಸಿಗ್ಮಾ ಆರ್ಟ್ ಸುಮಾರು 830 ಗ್ರಾಂ, ಫಿಲ್ಟರ್ 82 ಎಂಎಂ. ಟ್ಯಾಮ್ರಾನ್ ಜಿ2 540 ಗ್ರಾಂ, ಸಿಗ್ಮಾ 28-70 470 ಗ್ರಾಂ, ಎರಡಕ್ಕೂ 67 ಎಂಎಂ ಫಿಲ್ಟರ್ ಸಾಕು. ಇನ್ನೊಂದು ಕಾರಣ ಸೋನಿಯದೇ ಉಪಕಾರ. 2011ರಲ್ಲಿ ಲೆನ್ಸ್ ಸಿಕ್ಕಿಸುವ ತನ್ನ ಇ-ಮೌಂಟಿನ ಮೂಲ ವಿವರಗಳನ್ನು ಬೇರೆ ಕಂಪನಿಗಳಿಗೆ ಶುಲ್ಕವಿಲ್ಲದೆ ಕೊಡಲು ಅದು ಒಪ್ಪಿತು. ಕ್ಯಾನನ್ ಆರ್‌ಎಫ್ ಇಟ್ಟುಕೊಂಡವರ ಕಥೆ ಹಾಗಿಲ್ಲ. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಬಾಗಿಲು ತೆರೆದಾಗಲೂ ಅದು ಸಣ್ಣ ಸೆನ್ಸರಿನ ಎಪಿಎಸ್-ಸಿ ಲೆನ್ಸುಗಳಿಗೆ ಮಾತ್ರ. ಅದೇ ವರ್ಷ ಕ್ಯಾನನ್ ತಾನೇ 1,099 ಡಾಲರಿಗೆ ಒಂದು 28-70 ಎಫ್/2.8 ತಂದಿತು, ಅವರು ಅದನ್ನೇ ನೋಡುವುದು ಒಳ್ಳೆಯದು.

ಹೆಸರಿಗೆ ಎಷ್ಟು ಬೆಲೆ ಅನ್ನುವ ಕುತೂಹಲವಿದ್ದರೆ ನಿಕಾನ್ ಕಡೆ ಒಮ್ಮೆ ನೋಡಿ. ನಿಕಾನ್ ಝಡ್ 28-75 ಎಫ್/2.8 ಬಂದಾಗ 1,199 ಡಾಲರ್ ಇತ್ತು. ಅದರೊಳಗೆ 12 ಗುಂಪುಗಳಲ್ಲಿ 15 ಗಾಜು, ಫಿಲ್ಟರ್ 67 ಎಂಎಂ. ಟ್ಯಾಮ್ರಾನ್ 2018ರಲ್ಲಿ 799 ಡಾಲರಿಗೆ ಕೊಟ್ಟ ಮೊದಲ 28-75ರಲ್ಲೂ 12 ಗುಂಪು, 15 ಗಾಜು, 67 ಎಂಎಂ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಈಗ ಟೇಪಿನ ವಿಷಯ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. ಮೂರು ಮೀಟರ್ ದೂರದಲ್ಲಿ ಜನ ನಿಂತಿದ್ದರೆ 24 ಎಂಎಂ ಲೆನ್ಸಿನಲ್ಲಿ ನಾಲ್ಕೂವರೆ ಮೀಟರ್ ಅಗಲ ಹಿಡಿಸುತ್ತದೆ, 28ರಲ್ಲಿ ಸುಮಾರು 3.86 ಮೀಟರ್. ಆ ನಾಲ್ಕೂವರೆ ಮೀಟರನ್ನೇ 28ರಲ್ಲಿ ಹಿಡಿಸಬೇಕೆಂದರೆ ಅರ್ಧ ಮೀಟರ್ ಹಿಂದೆ ಸರಿಯಬೇಕು. ಬಯಲಿನಲ್ಲಿ ಅದು ಒಂದು ಹೆಜ್ಜೆ. ಕೆ.ಆರ್. ಪುರದಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಸೀಮಂತವಾದಾಗ ಆ ಒಂದು ಹೆಜ್ಜೆಯ ಜಾಗದಲ್ಲಿ ಗೋದ್ರೆಜ್ ಬೀರು ಇತ್ತು. “ಯಾರನ್ನೂ ಬಿಡ್ಬೇಡ ಕಣೇ, ಆಮೇಲೆ ನನ್ನನ್ನೇ ಕೇಳ್ತಾರೆ” ಎಂದು ಅತ್ತೆ ಬೇರೆ. ಬೀರುವಿಗೆ ಬೆನ್ನು ಒತ್ತಿ ನಿಂತರೂ ಎಡಗಡೆಯ ಚಿಕ್ಕಮ್ಮ ಅರ್ಧವೇ.

ಹಾಗಾದರೆ 24 ಬೇಕೇ ಬೇಕು ಅನ್ನಿಸುವುದು ಸಹಜ. ನಾನು ಹಳೆಯ ಫೋಟೊಗಳನ್ನು ಲೈಟ್‌ರೂಮಿನಲ್ಲಿ ಫೋಕಲ್ ಲೆಂತ್ ಪ್ರಕಾರ ಬೇರೆ ಮಾಡಿ ನೋಡಿದೆ. 28ರ ಅಂಚಿಗೆ ಬಂದು ನಿಂತ ಚಿತ್ರಗಳು ಬಹುತೇಕ ಇಂಥ ಗುಂಪು ಫೋಟೊಗಳೇ. ನನಗೆ ನಿಜಕ್ಕೂ ಇಷ್ಟವಾದವು, ಪ್ರಿಂಟ್ ಹಾಕಿಸಿದವು, 50ರಿಂದ 70ರ ನಡುವೆ ಗುಂಪುಗೂಡಿದ್ದವು. ಗುಂಪು ಫೋಟೊಗೆ ಕೈಯಲ್ಲಿರುವ ಮೊಬೈಲ್ ಸಾಕು, ಅದರ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂಗೆ ಸಮ. ವಾಟ್ಸ್ಆ್ಯಪ್ ಗ್ರೂಪಿಗೆ ಹೋಗುವ ಚಿತ್ರಕ್ಕೆ 200 ಡಾಲರೂ ಸುಮಾರು 300 ಗ್ರಾಮೂ ಜಾಸ್ತಿ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಸೈಟು, ಮನೆ, ಹೋಟೆಲ್ ಒಳಾಂಗಣ ತೆಗೆದು ಸಂಪಾದಿಸುವವರ ಲೆಕ್ಕ ಬೇರೆ. ಅವರಿಗೆ ಆ ನಾಲ್ಕು ಮಿಲಿಮೀಟರೇ ಸಂಬಳ.

ಬೇರೆ ಕಂಪನಿಯ ಲೆನ್ಸ್ ಹಾಕಿದರೆ ಕಳೆದುಕೊಳ್ಳುವುದೂ ಇದೆ. ಸೋನಿಯ ವೇಗದ ಬಾಡಿಗಳಲ್ಲಿ ಸೆಕೆಂಡಿಗೆ 15 ಫ್ರೇಮಿಗೆ ಕಡಿವಾಣ ಬೀಳುತ್ತದೆ. ನನ್ನ ಕ್ಯಾಮೆರಾದ ಗರಿಷ್ಠವೇ 10, ಆದ್ದರಿಂದ ನನಗೆ ಅದು ಲೆಕ್ಕಕ್ಕಿಲ್ಲ. ಹೊಸ ಬಾಡಿಗಳಲ್ಲಿ ವಿಡಿಯೊ ಮಾಡುವವರಿಗೆ, ಫೋಕಸ್ ಸರಿಸಿದಾಗ ಚೌಕಟ್ಟು ಹಿಗ್ಗಿ ಕುಗ್ಗುವುದನ್ನು ಸರಿಪಡಿಸುವ ಬ್ರೀದಿಂಗ್ ಕಾಂಪೆನ್ಸೇಶನ್ ಸೋನಿ ಲೆನ್ಸಿಗೆ ಮಾತ್ರ. ಕೈನಡುಕ ತಡೆಯುವ ವ್ಯವಸ್ಥೆ 28ರಿಂದ ಶುರುವಾಗುವ ಸಿಗ್ಮಾ, ಟ್ಯಾಮ್ರಾನ್ ಎರಡರಲ್ಲೂ ಇಲ್ಲ, ಬಾಡಿಯಲ್ಲಿ ಇರುವುದರಿಂದ ನಡೆಯುತ್ತದೆ.

ಸಿಗ್ಮಾ 28-70ಯೋ ಟ್ಯಾಮ್ರಾನ್ ಜಿ2ವೋ ಎಂಬಲ್ಲಿಗೆ ಬಂತು. ಬಾಡಿಗೆಗೆ ತಂದು ನೋಡಿದೆ. ಇಂದಿರಾನಗರದ ಕಡೆ ಕ್ಯಾಮೆರಾ ಬಾಡಿಗೆ ಕೊಡುವವರಿಗೇನೂ ಬರವಿಲ್ಲ, ಗುರುತಿನ ಚೀಟಿ ಮತ್ತು ಡಿಪಾಸಿಟ್ ಕೇಳುತ್ತಾರೆ. ಬಾಡಿಗೆ ದುಡ್ಡು ವ್ಯರ್ಥ ಎನ್ನುವ ಸ್ನೇಹಿತರಿದ್ದಾರೆ. ಎಪ್ಪತ್ತು ಸಾವಿರದ ಸಾಮಾನಿಗೆ ಮುಂಚೆ ಸಾವಿರದ ಲೆಕ್ಕದಲ್ಲಿ ಖರ್ಚು ಮಾಡಿ ಅನುಮಾನ ತೀರಿಸಿಕೊಳ್ಳುವುದು ನನ್ನ ಮಟ್ಟಿಗೆ ಅಗ್ಗದ ವಿಮೆ. ಸಿಗ್ಮಾ ಕೈಗೆ ಹಗುರ, ಚಿತ್ರ ಚೂಪು. ಆದರೆ ಅದರಲ್ಲಿ ನೀರು, ಧೂಳು ತಡೆಯುವ ರಬ್ಬರ್ ಇರುವುದು ಕ್ಯಾಮೆರಾಗೆ ಸಿಕ್ಕಿಸುವ ಮೌಂಟಿನ ಬಳಿ ಮಾತ್ರ. ಟ್ಯಾಮ್ರಾನ್‌ನಲ್ಲಿ ತೇವ ತಡೆಯುವ ಏರ್ಪಾಡು ಬೇರೆ ಕಡೆಯೂ ಇದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಸಂಜೆ ಎಂದರೆ ಏನೆಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಟ್ಯಾಮ್ರಾನ್ ಎಂದು ತೀರ್ಮಾನಿಸಿದೆ.

ಇನ್ನು ಕೊಳ್ಳುವ ದಾರಿ. ಲೆಕ್ಕಕ್ಕೆ ತೆರಿಗೆ ಸೇರಿ ₹70,000 ಎಂದಿಟ್ಟುಕೊಳ್ಳಿ. ಅದರೊಳಗೆ 18 ಪರ್ಸೆಂಟ್ ಜಿಎಸ್‌ಟಿ ₹10,678. ಶಿವಾಜಿನಗರದ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಕೌಂಟರಿನಲ್ಲಿದ್ದವರು ದನಿ ತಗ್ಗಿಸಿ, “ಬಿಲ್ ಬೇಡ ಅಂದ್ರೆ ಹತ್ತು ಸಾವಿರ ಕಮ್ಮಿ ಮಾಡ್ಕೊಡ್ತೀನಿ ಮೇಡಂ, ಇಂಪೋರ್ಟೆಡ್ ಪೀಸ್” ಎಂದರು. ಅವರು ತಮ್ಮ ಲಾಭದಿಂದ ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ, ಸರ್ಕಾರಕ್ಕೆ ಹೋಗಬೇಕಾದ ತೆರಿಗೆಯನ್ನೇ ನನಗೆ ರಿಯಾಯಿತಿಯಾಗಿ ತೋರಿಸುತ್ತಿದ್ದರು. ಬಿಲ್ಲಿಲ್ಲದಿದ್ದರೆ ಇಲ್ಲಿ ವಾರಂಟಿಯಿಲ್ಲ, ಕಳುವಾದರೆ ವಿಮೆ ಕೇಳಲು ಕಾಗದವಿಲ್ಲ, ಮಾರುವಾಗ ಕೊಳ್ಳುವವರು ಅನುಮಾನದ ಬೆಲೆ ಕಟ್ಟುತ್ತಾರೆ.

ಹಲಸೂರಿನಲ್ಲಿ ನಮ್ಮ ಬೀದಿಯ ಮದುವೆ ಫೋಟೊಗ್ರಾಫರ್ ಒಬ್ಬರಿಗೆ ಇದೇ ₹10,678 ಖರ್ಚೇ ಅಲ್ಲ. ಅವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದಾರೆ, ಬಿಲ್ಲಿನಲ್ಲಿ ತಮ್ಮ ನಂಬರ್ ಹಾಕಿಸಿ ಇನ್‌ಪುಟ್ ಕ್ರೆಡಿಟ್ ಪಡೆಯುತ್ತಾರೆ. ಅವರ ಪಾಲಿಗೆ ಲೆನ್ಸಿನ ಬೆಲೆ ₹59,322. ಸೇವೆ ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಅದಕ್ಕಿಂತ ಕೆಳಗಿದ್ದು ಆಗಾಗ ಸಾಮಾನು ಕೊಳ್ಳುವವರು ಸ್ವಇಚ್ಛೆಯಿಂದ ನೋಂದಣಿ ಮಾಡಿಸಿದರೆ ಲಾಭವೋ, ರಿಟರ್ನ್ಸ್ ಸಲ್ಲಿಸುವ ತಲೆನೋವೋ ಎಂದು ಒಬ್ಬ ಆಡಿಟರನ್ನು ಕೇಳುವುದು ವಾಸಿ.

ನೋ-ಕಾಸ್ಟ್ ಇಎಂಐ ಎಂಬ ಮಾತನ್ನು ಯಥಾವತ್ತಾಗಿ ನಂಬಬೇಡಿ. ಬ್ಯಾಂಕು ಬಡ್ಡಿ ಹಾಕುತ್ತದೆ, ಅಂಗಡಿ ಅಷ್ಟನ್ನು ಬೆಲೆಯಲ್ಲಿ ಮೊದಲೇ ಕಳೆಯುತ್ತದೆ, ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೇ. ₹70,000ಕ್ಕೆ ಹನ್ನೆರಡು ಕಂತು, ವಾರ್ಷಿಕ 15 ಪರ್ಸೆಂಟ್ ಎಂದರೆ ಒಳಗಿರುವ ಬಡ್ಡಿ ಸುಮಾರು ₹5,370, ಅದರ ಮೇಲೆ ತೆರಿಗೆ ಸುಮಾರು ₹970. ಪ್ರೊಸೆಸಿಂಗ್ ಶುಲ್ಕ ಬೇರೆ. ನಗದು ಕೊಟ್ಟರೆ ಅಂಗಡಿ ಬಿಡುತ್ತಿದ್ದ ಎರಡು ಮೂರು ಸಾವಿರವೂ ಕೈತಪ್ಪುತ್ತದೆ.

ನಾನು ಕೊನೆಗೆ ಕೊಂಡದ್ದು ಸೆಕೆಂಡ್ ಹ್ಯಾಂಡ್, ಹೊಸದಕ್ಕಿಂತ ಕಾಲು ಭಾಗ ಕಡಿಮೆಗೆ. ಮಾರುವವರು ಕೆ.ಆರ್. ಪುರದಿಂದ ಪರ್ಪಲ್ ಲೈನ್ ಹತ್ತಿ ಬಂದರು, ಇಂದಿರಾನಗರ ಸ್ಟೇಷನ್ ಹತ್ತಿರದ ಒಂದು ದರ್ಶಿನಿಯಲ್ಲಿ ಸೇರಿದೆವು. ಕಾಫಿ ಬರುವುದರೊಳಗೆ ಲೆನ್ಸಿನ ಸೀರಿಯಲ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿದೆ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಾಯಿಸಿ ಮುಂದಿನಿಂದ ಇಣುಕಿದೆ. ಫಂಗಸ್ ಇದ್ದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ, ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಮೌಂಟಿನ ಸ್ಕ್ರೂ ತಲೆಗಳಲ್ಲಿ ಗೀರಿದ್ದರೆ ಯಾರೋ ಬಿಚ್ಚಿದ್ದಾರೆ ಎಂದೇ ಅರ್ಥ. ಆಮೇಲೆ ಹೊರಗೆ ಬಂದು ಇಟ್ಟಿಗೆಯ ಕಾಂಪೌಂಡ್ ಗೋಡೆಯೊಂದಕ್ಕೆ ನೇರವಾಗಿ ನಿಂತು ಎಫ್/2.8ರಲ್ಲಿ 28, 50, 75ರಲ್ಲಿ ಒಂದೊಂದು ಫೋಟೊ. ನಾಲ್ಕು ಮೂಲೆಗಳನ್ನೂ ಹಿಗ್ಗಿಸಿ ನೋಡಬೇಕು. ನಾಲ್ಕೂ ಒಂದೇ ಥರ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಮಸುಕಾಗಿದ್ದರೆ ಒಳಗಿನ ಗಾಜು ಜರುಗಿದೆ, ಎಷ್ಟೇ ಕಡಿಮೆಗೆ ಕೊಟ್ಟರೂ ಕೈಮುಗಿದು ಬರಬೇಕು. ಮಾರುವವರು ನಿಜವಾಗಿ ಒಳ್ಳೆಯವರಾದರೆ ಈ ಪರೀಕ್ಷೆಗೆಲ್ಲ ಬೇಸರಿಸುವುದಿಲ್ಲ, ಇವರು ಕ್ಯಾಮೆರಾ ಬ್ಯಾಗನ್ನೂ ಹಿಡಿದುಕೊಂಡು ನಿಂತರು.

ಉಳಿದ ದುಡ್ಡಿನಲ್ಲಿ ಒಂದು 67 ಎಂಎಂ ಫಿಲ್ಟರ್, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗಿಡಲು ಸಿಲಿಕಾ ಜೆಲ್ ಪೊಟ್ಟಣಗಳು ಬಂದವು. ಲೆನ್ಸಿನ ಪೆಟ್ಟಿಗೆ, ಎರಡೂ ಮುಚ್ಚಳ, ಹುಡ್, ಹಳೆಯ ಮಾಲೀಕರ ಬಿಲ್ಲು, ಅವರು ಸಹಿ ಹಾಕಿಕೊಟ್ಟ ರಸೀದಿ, ಎಲ್ಲವನ್ನೂ ಅಟ್ಟದ ಮೇಲೆ ಒಂದೇ ಚೀಲದಲ್ಲಿಟ್ಟಿದ್ದೇನೆ. ಮುಂದೆ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.